ಹತ್ತು ಹೆಕ್ಟೇರ್ ಕೇಳಿ ಸೋತು, ಎರಡೂವರೆ ಕೇಳಿ ಗೆದ್ದದ್ದು

ಅರೆಮಲೆನಾಡಿನ ಒಂದು ಹಳ್ಳದ ಮೇಲೆ 3 ಮೆಗಾವ್ಯಾಟ್‌ನ ಕಿರು ಜಲವಿದ್ಯುತ್ ಘಟಕಕ್ಕಾಗಿ 2016ರಲ್ಲಿ ಅರಣ್ಯ ಭೂಮಿ ಕೇಳಿ ನಾವು ಸಲ್ಲಿಸಿದ್ದ ಪ್ರಸ್ತಾವನೆ ಹದಿನಾಲ್ಕು ತಿಂಗಳು ಓಡಾಡಿ ಆಕ್ಷೇಪಣೆಗಳ ಸಮೇತ ಹಿಂದಿರುಗಿದಾಗ, ‘ಇನ್ನು ಮುಂದೆ ಜಲವಿದ್ಯುತ್ತಿಗೆ ಅರಣ್ಯ ಭೂಮಿ ಸಿಗುವುದು ಕನಸಿನ ಮಾತು, ಕೈತೊಳೆದುಕೊಳ್ಳಿ’ ಎಂದು ನಮ್ಮ ವೃತ್ತಿಯವರೇ ಬುದ್ಧಿ ಹೇಳಿದ್ದರು. 2021ರ ಕೊನೆಯಲ್ಲಿ ಎರಡನೇ ಹಂತದ, ಅಂದರೆ ಅಂತಿಮ, ಅನುಮೋದನೆ ಕೈಸೇರಿದ ಮೇಲೆ ಅವರಲ್ಲೇ ಇಬ್ಬರು ಫೋನ್ ಮಾಡಿ ‘ಹೇಗೆ ಮಾಡಿದಿರಿ ಸಾರ್?’ ಎಂದು ವಿಚಾರಿಸಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬಂದವು, ಆಚೀಚೆ ಇರಬಹುದು.

ಮೊದಲ ಸಲ ನಾವು ಕೇಳಿದ್ದು ಸುಮಾರು 10 ಹೆಕ್ಟೇರ್. ಅದರಲ್ಲಿ ಅಣೆ ಮತ್ತು ಮುಳುಗಡೆಗೆ ಬೇಕಾಗಿದ್ದುದು ಮುಕ್ಕಾಲು ಹೆಕ್ಟೇರ್ ಮಾತ್ರ. ಭೂಮಿಯನ್ನು ನುಂಗುತ್ತಿದ್ದುದು ವಿದ್ಯುತ್ ಮಾರ್ಗ: 33 ಕೆ.ವಿ. ಮಾರ್ಗಕ್ಕೆ 15 ಮೀಟರ್ ಅಗಲ ಹಿಡಿಯಬೇಕಾದ್ದರಿಂದ ಕಾಡಿನೊಳಗಿನ ಪ್ರತಿ ಕಿಲೋಮೀಟರಿಗೆ ಒಂದೂವರೆ ಹೆಕ್ಟೇರ್ ಹೋಗುತ್ತದೆ, ನಮ್ಮದು ನಾಲ್ಕು ಕಿಲೋಮೀಟರ್ ಇತ್ತು. ಉಳಿದದ್ದು ತೆರೆದ ಕಾಲುವೆಗೆ ಮತ್ತು ಅಗೆದ ಮಣ್ಣು ಸುರಿಯುವ ಜಾಗಕ್ಕೆ. ಎನ್‌ಪಿವಿ, ಅಂದರೆ ಬಳಸುವ ಕಾಡಿನ ನಿವ್ವಳ ಪ್ರಸ್ತುತ ಮೌಲ್ಯವೆಂದು ಕಟ್ಟಬೇಕಾದ ಹಣ, ಹೆಕ್ಟೇರಿಗೆ 9.39 ಲಕ್ಷದಂತೆ ಲೆಕ್ಕ ಹಾಕಿದರೆ ಅದೊಂದೇ 94 ಲಕ್ಷದ ಹತ್ತಿರ ಬರುತ್ತಿತ್ತು.

ಎರಡನೇ ಸಲ ನಾನು ಅರ್ಜಿಯನ್ನು ಮುಟ್ಟುವ ಮೊದಲು ಆರು ತಿಂಗಳು ನಕ್ಷೆಯನ್ನಷ್ಟೇ ತಿದ್ದಿದೆ. ಕಾಲುವೆಯನ್ನು ಕೈಬಿಟ್ಟು, ಹಳೆಯ ಗಾಡಿದಾರಿಯ ಅಡಿಯಲ್ಲೇ ಐದು ಮೀಟರ್ ಅಗಲದಲ್ಲಿ ಉಕ್ಕಿನ ಕೊಳವೆ ಹೂಳುವುದೆಂದು ಗೊತ್ತುಮಾಡಿಕೊಂಡೆವು. ಮಣ್ಣು ಸುರಿಯುವ ಜಾಗವನ್ನೂ ಪವರ್ ಹೌಸನ್ನೂ ಹಿಡುವಳಿ ಜಮೀನಿಗೆ ತಂದೆವು. ವಿದ್ಯುತ್ ಮಾರ್ಗವನ್ನು ಕಾಫಿ ತೋಟಗಳ ಅಂಚಿನಲ್ಲಿ ಸುತ್ತಿಸಿದ್ದರಿಂದ ಅದರ ಉದ್ದ ಎರಡು ಕಿಲೋಮೀಟರ್ ಹೆಚ್ಚಾಯಿತು, ಆದರೆ ಕಾಡಿನೊಳಗೆ ಆರುನೂರು ಮೀಟರ್ ಮಾತ್ರ ಉಳಿಯಿತು. ತೋಟದ ಮಾಲೀಕರು ಸಿಲ್ವರ್ ಓಕ್ ಕಡಿಯಲು ಒಪ್ಪಿದ್ದು ಹೇಗೆ ಎಂಬುದನ್ನು ಮಾತ್ರ ನಾನು ಇಲ್ಲಿ ಹೇಳಲಾರೆ, ಅದು ನನ್ನ ಹೊಟ್ಟೆಪಾಡು. ಒಟ್ಟು ಬೇಡಿಕೆ ಸುಮಾರು 2.6 ಹೆಕ್ಟೇರಿಗೆ ಇಳಿಯಿತು.

ಕೊಳವೆಗೆ ಒಂದೂವರೆ ಕೋಟಿ ಹೆಚ್ಚುವರಿ ಖರ್ಚಾಗುತ್ತದೆ, ಉಳಿಯುವುದು ಎಪ್ಪತ್ತು ಲಕ್ಷ ಎನ್‌ಪಿವಿ ಮಾತ್ರ, ಇದೆಂಥ ವ್ಯಾಪಾರ ಎಂದು ನಮ್ಮ ಪಾಲುದಾರರೇ ರೇಗಿದರು. ಯಂತ್ರ ವರ್ಷಕ್ಕೆ ಎಪ್ಪತ್ತೈದು-ಎಂಬತ್ತು ಲಕ್ಷ ಯೂನಿಟ್ ಕೊಡುತ್ತದೆ, ಯೂನಿಟ್ಟಿಗೆ ಮೂರು ಚಿಲ್ಲರೆ ರೂಪಾಯಿ ಸಿಕ್ಕರೂ ಒಂದು ವರ್ಷದ ವಿಳಂಬವೇ ಕೊಳವೆಗಿಂತ ದುಬಾರಿ ಎಂದು ಕಾಗದದ ಮೇಲೆ ತೋರಿಸಿದ ಮೇಲೆ ಸುಮ್ಮನಾದರು.

ಪರಿಹಾರಾತ್ಮಕ ಅರಣ್ಯೀಕರಣದ, ಅಂದರೆ ಬಳಸುವ ಕಾಡಿಗೆ ಬದಲಾಗಿ ಗಿಡ ಬೆಳೆಸಲು ಅರಣ್ಯ ಇಲಾಖೆಗೆ ಕೊಡಬೇಕಾದ, ಜಮೀನಿನಲ್ಲಿ ನಾನು ತಿಂದ ಪೆಟ್ಟು ದೊಡ್ಡದು. ಋಣಭಾರ ಪತ್ರ ಮೂವತ್ತು ವರ್ಷಕ್ಕೆ ಸ್ವಚ್ಛವಾಗಿತ್ತೆಂದು ನಂಬಿ, ಬಯಲುಸೀಮೆಯ ಆರೂವರೆ ಎಕರೆಗೆ ನಾಲ್ಕು ಲಕ್ಷ ಮುಂಗಡ ಕೊಟ್ಟೆ. ಮೂಲ ಮಂಜೂರಾತಿ ಕಡತ ತೆಗೆಸಿದಾಗ ಅದು ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಕೊಟ್ಟ ಜಮೀನೆಂದೂ, 1978ರ ಪಿಟಿಸಿಎಲ್ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಅದನ್ನು ಪರಭಾರೆ ಮಾಡುವಂತಿಲ್ಲವೆಂದೂ ತಿಳಿಯಿತು. ಮುಂಗಡ ಇವತ್ತಿಗೂ ಪೂರ್ತಿ ವಾಪಸು ಬಂದಿಲ್ಲ. ಆಗ ಭೂಸುಧಾರಣಾ ಕಾಯಿದೆಯ 79-ಬಿ ಇನ್ನೂ ಜಾರಿಯಲ್ಲಿತ್ತು, 2020ರಲ್ಲಷ್ಟೇ ಅದನ್ನು ತೆಗೆದರು. ಹೀಗಾಗಿ ಕಂಪನಿಯ ಹೆಸರಿನಲ್ಲಿ ಕೃಷಿಭೂಮಿ ಕೊಳ್ಳಲಾಗದೆ, ರೈತರೇ ಆಗಿದ್ದ ಒಬ್ಬ ಪಾಲುದಾರರ ಹೆಸರಿನಲ್ಲಿ, ಮೀಸಲು ಅರಣ್ಯಕ್ಕೆ ತಾಗಿಕೊಂಡಿರುವ ಬೇರೆ ಜಮೀನನ್ನು ಕೊಂಡೆವು. ಪೋಡಿ, ಮ್ಯುಟೇಷನ್ ಎಲ್ಲ ಮುಗಿಸಿಕೊಂಡ ಮೇಲೆಯೇ ಅದರ ಪಹಣಿಯನ್ನು ಅರ್ಜಿಗೆ ಲಗತ್ತಿಸಿದೆ.

ಜಮೀನು ಅರಣ್ಯ ಇಲಾಖೆಗೆ ಹಸ್ತಾಂತರವಾಗುವ ಮುನ್ನ ನನ್ನದೇ ಒಂದು ಚಿಕ್ಕ ಪ್ರಯೋಗವೂ ನಡೆಯಿತು. ನಂದಿ, ಹೊನ್ನೆ, ಮತ್ತಿ ಸಸಿಗಳನ್ನು ಸುಮಾರು ಇನ್ನೂರು ನೆಡಿಸಿದೆ. ಬೇಲಿಯಿಲ್ಲದ ಕಡೆಯವನ್ನು ದನ ತಿಂದವು, ಸೀಗೆ ಮುಳ್ಳು ಸುತ್ತಿಸಿದ ಕಡೆ ಮುಕ್ಕಾಲು ಪಾಲು ಉಳಿದವು. ಸ್ಥಳ ಪರಿಶೀಲನೆಗೆ ಬಂದ ಅಧಿಕಾರಿಗಳು ಕಡತಕ್ಕಿಂತ ಹೆಚ್ಚು ಹೊತ್ತು ಆ ಸಸಿಗಳನ್ನೇ ನೋಡಿದರು.

ಅರಣ್ಯ ಹಕ್ಕು ಕಾಯಿದೆಯಂತೆ ಊರಿನವರ ಒಪ್ಪಿಗೆ ಪಡೆಯಬೇಕಾದ ಗ್ರಾಮಸಭೆ ಎರಡು ಸಲ ಬಿದ್ದುಹೋಯಿತು. ಅರ್ಧದಷ್ಟು ಸದಸ್ಯರು, ಹಾಜರಾದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಬೇಕಾದ ಸಭೆಯನ್ನು ನಾವು ಕಾಫಿ ಕೊಯ್ಲಿನ ಜನವರಿಯಲ್ಲಿ ಕರೆಸಿದ್ದೆವು. ತೋಟಕ್ಕೆ ಹೋದ ಹೆಂಗಸರು ಕೂಲಿ ಬಿಟ್ಟು ಏಕೆ ಬರುತ್ತಾರೆ? ಮಾರ್ಚಿಯಲ್ಲಿ, ಸಂಜೆ, ಶಾಲೆಯ ಅಂಗಳದಲ್ಲಿ ಸೇರಿದಾಗ ಕೋರಂ ತುಂಬಿತು. ಒಬ್ಬ ಅಜ್ಜಿ ಎದ್ದು ನಿಂತು, ‘ಬೇಸಿಗೇಲಿ ಹಳ್ಳದಲ್ಲಿ ನೀರು ಬಿಡ್ತೀರೋ ಇಲ್ವೋ, ಅದನ್ನ ಮೊದಲು ಬರ್ಕೊಡಿ ಸ್ವಾಮಿ’ ಎಂದರು. ಅಣೆಯ ಕೆಳಗೆ ಸದಾ ಹರಿಯಬೇಕಾದ ನೀರಿನ ಪ್ರಮಾಣವನ್ನು ನಡಾವಳಿಯಲ್ಲೇ ಬರೆಸಿ ಸಹಿ ಹಾಕಿದೆವು. ನನ್ನ ಅನುಭವದಲ್ಲಿ ಆ ಒಂದು ಸಾಲು ಉಳಿಸಿದ ತಕರಾರುಗಳಿಗೆ ಲೆಕ್ಕವಿಲ್ಲ.

ಉಪಗ್ರಹದ ನೆರವಿನಿಂದ ನಿಖರವಾಗಿ ಅಳೆಯುವ ಡಿಜಿಪಿಎಸ್ ಸರ್ವೆಯಲ್ಲಿ ನಮ್ಮ ಗಡಿಯು ಅರಣ್ಯ ಅಧಿಸೂಚನೆಯ ನಕ್ಷೆಗಿಂತ ನಲವತ್ತು ಮೀಟರ್ ಸರಿದು ಕೂತಿತ್ತು. ನಿವೃತ್ತ ಫಾರೆಸ್ಟ್ ವಾಚರೊಬ್ಬರನ್ನು ಕರೆದುಕೊಂಡು ಹೋಗಿ, ಲಂಟಾನ ಸವರುತ್ತಾ ಎರಡು ದಿನ ಅಲೆದೆವು. ಮೂರನೇ ದಿನ ಬೆಳಿಗ್ಗೆ ಅವರ ಕತ್ತಿ ಠಣ್ಣೆಂದಿತು. ಪಾಚಿ ಕೆರೆದು ನೋಡಿದರೆ ಗಡಿಕಲ್ಲಿನ ಮೇಲೆ ಅಂಕಿ ಇತ್ತು. ಅಂಥ ನಾಲ್ಕು ಕಲ್ಲು ಸಿಕ್ಕ ಮೇಲೆ ಗಡಿಯ ಡಿಜಿಟಲ್ ನಕ್ಷೆಯಾದ ಕೆಎಂಎಲ್ ಕಡತವನ್ನು ಹೊಸದಾಗಿ ಮಾಡಿಸಿದೆವು, ಮತ್ತೆ ಯಾರೂ ಅದರ ಬಗ್ಗೆ ಪ್ರಶ್ನೆ ಎತ್ತಲಿಲ್ಲ.

ಮೊದಲ ಹಂತದ ಷರತ್ತುಗಳಲ್ಲಿ ಎನ್‌ಪಿವಿ ಸುಮಾರು 24 ಲಕ್ಷವಾಯಿತು, ನೆಡುತೋಪಿನ ಖರ್ಚು ಬೇರೆ. 2022ರ ಜನವರಿಯಲ್ಲಿ ಎನ್‌ಪಿವಿ ದರಗಳು ಸುಮಾರು ಒಂದೂವರೆ ಪಟ್ಟು ಏರಿದವು, ನಮ್ಮ ಚಲನ್ ಅದಕ್ಕೆ ಮೊದಲಿನದು ಎಂಬುದನ್ನು ಹೇಳಿಕೊಳ್ಳದೆ ಇರಲಾರೆ. ಸಾಲಕ್ಕೆ ಹೋದಾಗ ಮಾತ್ರ ಬ್ಯಾಂಕು ಈ ಭೂಮಿಯನ್ನು ಅಡಮಾನಕ್ಕೆ ಒಪ್ಪಲಿಲ್ಲ. ನಾವು ಬಾಯಿಮಾತಿಗೆ ವರ್ಗಾವಣೆ ಎನ್ನುತ್ತೇವೆ, 1980ರ ಅರಣ್ಯ ಸಂರಕ್ಷಣಾ ಕಾಯಿದೆಯಲ್ಲಿ ಸಿಗುವುದು ಅರಣ್ಯೇತರ ಬಳಕೆಯ ಅನುಮತಿ ಮಾತ್ರ, ಭೂಮಿ ಅರಣ್ಯವಾಗಿಯೇ ಉಳಿಯುತ್ತದೆ. ಕೊನೆಗೆ ಪವರ್ ಹೌಸ್ ಇರುವ ಹಿಡುವಳಿ ಜಮೀನನ್ನೇ ಒತ್ತೆಯಿಟ್ಟು ಸಾಲ ಎತ್ತಿದೆವು.