ಮೊದಲ ದಿನದ ಯೋಗ ತರಗತಿಗೆ ಹೊರಡುವ ಮುನ್ನ

ಯೋಗ ತರಗತಿಗೆ ಹೆಸರು ಕೊಟ್ಟು, ಹೊಸ ಮ್ಯಾಟ್ ಕೊಂಡು, ಕೊನೆಗೆ ‘ನನ್ನ ಮೈ ಬಗ್ಗೋದೇ ಇಲ್ಲ, ಹೋಗಿ ಏನು ಮಾಡಲಿ’ ಎಂದು ಮನೆಯಲ್ಲೇ ಉಳಿಯುವವರು ಬಹಳ. ಮೈ ಬಗ್ಗಿಸುವ ಚಿಂತೆಯನ್ನು ಶಿಕ್ಷಕರಿಗೆ ಬಿಡಿ. ಮೊದಲ ದಿನ ನೀವು ನೋಡಿಕೊಳ್ಳಬೇಕಾದ ಸಂಗತಿಗಳು ಬೇರೆಯೇ ಇವೆ.

ಹೊಟ್ಟೆ ಹಗುರ ಇರಲಿ

ಹೊಟ್ಟೆ ತುಂಬ ಉಂಡಿದ್ದರೆ 3ರಿಂದ 4 ಗಂಟೆ, ಲಘು ಉಪಾಹಾರವಾಗಿದ್ದರೆ ಸುಮಾರು 2 ಗಂಟೆ ಬಿಟ್ಟು ಹೋಗಿ. ಮುಂದಕ್ಕೆ ಬಾಗುವಾಗ, ಸೊಂಟ ತಿರುಗಿಸುವಾಗ ಹೊಟ್ಟೆಯ ಮೇಲೆ ಒತ್ತಡ ಬಿದ್ದು ಹುಳಿತೇಗು ಮೇಲೇರುತ್ತದೆ. ಊಟದ ಮೇಲೂ ಮಾಡಬಹುದಾದ, ಮಂಡಿ ಮಡಚಿ ಹಿಮ್ಮಡಿಯ ಮೇಲೆ ಕೂರುವ ವಜ್ರಾಸನ ಇದೆ ನಿಜ, ಆದರೆ ಅದೊಂದನ್ನೇ ಗಂಟೆಗಟ್ಟಲೆ ಯಾರೂ ಮಾಡಿಸುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಖಾಲಿ ಹೊಟ್ಟೆಯ ವಿಚಾರವನ್ನು ಮೊದಲೇ ವೈದ್ಯರ ಬಳಿ ಕೇಳಿಕೊಳ್ಳಬೇಕು.

ಬಟ್ಟೆ ಮತ್ತು ಮ್ಯಾಟ್

ದೊಗಳೆ ಟೀ ಶರ್ಟ್ ಹಾಯೆನಿಸುತ್ತದೆ. ಅಧೋಮುಖ ಶ್ವಾನಾಸನದಲ್ಲಿ ಕೈಕಾಲು ನೆಲಕ್ಕೂರಿ, ತಲೆ ಕೆಳಗೆ ಮಾಡಿ ಸೊಂಟ ಮೇಲೆತ್ತಿದ ಕೂಡಲೇ ಅದೇ ಟೀ ಶರ್ಟ್ ಜಾರಿ ಮುಖ ಮುಚ್ಚುತ್ತದೆ. ಮನೆಯಲ್ಲೇ ಒಮ್ಮೆ ಬಗ್ಗಿ, ಕೈ ಮೇಲೆತ್ತಿ, ಚಕ್ಕಳಮಕ್ಕಳ ಹಾಕಿ ಕುಳಿತು ನೋಡಿ. ಎಲ್ಲೂ ಹಿಡಿಯದಿದ್ದರೆ, ಎಲ್ಲೂ ಜಾರದಿದ್ದರೆ ಆ ಬಟ್ಟೆಯೇ ಸಾಕು.

ಮ್ಯಾಟ್ 4ರಿಂದ 6 ಮಿಲಿಮೀಟರ್ ದಪ್ಪ ಇದ್ದರೆ ಆಯಿತು. ಮೆತ್ತಗಿರಲಿ ಎಂದು ತೀರಾ ದಪ್ಪನೆಯದನ್ನು ತಂದರೆ ವೃಕ್ಷಾಸನದಲ್ಲಿ ಒಂಟಿ ಕಾಲ ಮೇಲೆ ನಿಂತಾಗ ಪಾದ ಹೂತು ಮೈ ತೂರಾಡುತ್ತದೆ. ಕಾಲುಚೀಲ ಬೇಡ, ಜಾರುತ್ತದೆ. ಗಾಢ ಸೆಂಟೂ ಬೇಡ. ಅಕ್ಕಪಕ್ಕದವರು ಬಂದಿರುವುದೇ ದೀರ್ಘವಾಗಿ ಉಸಿರೆಳೆದುಕೊಳ್ಳಲು!

ಹತ್ತು ನಿಮಿಷ ಮೊದಲೇ ಹೋಗಿ

ಬೇಗ ಹೋದರೆ ಶಿಕ್ಷಕರ ಜೊತೆ ಎರಡು ಮಾತಾಡಲು ಸಮಯ ಸಿಗುತ್ತದೆ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಅಧಿಕ ರಕ್ತದೊತ್ತಡ, ಸ್ಲಿಪ್ ಡಿಸ್ಕ್, ಮಂಡಿನೋವು, ಇತ್ತೀಚೆಗೆ ಆದ ಶಸ್ತ್ರಚಿಕಿತ್ಸೆ, ಗರ್ಭಿಣಿಯಾಗಿದ್ದರೆ ಆ ವಿಷಯ, ಎಲ್ಲವನ್ನೂ ಹೇಳಿಬಿಡಿ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ‘ಕಣ್ಣಿಗೂ ಯೋಗಕ್ಕೂ ಏನು ಸಂಬಂಧ’ ಎಂದು ಸುಮ್ಮನಿರುವುದುಂಟು. ತಲೆ ಕೆಳಗಾಗುವ ಆಸನಗಳಲ್ಲಿ ಕಣ್ಣಿನೊಳಗಿನ ಒತ್ತಡ ಏರುವುದರಿಂದ ಅದನ್ನು ಹೇಳಲೇಬೇಕು. ನಿಮ್ಮ ತೊಂದರೆ ಗೊತ್ತಿದ್ದರೆ ಶಿಕ್ಷಕರು ಆ ಆಸನಕ್ಕೆ ಬದಲು ಬೇರೊಂದನ್ನು ಮಾಡಿಸುತ್ತಾರೆ. ಭಂಗಿ ತಿದ್ದಲು ಮೈ ಮುಟ್ಟುವುದು ನಿಮಗೆ ಇಷ್ಟವಿಲ್ಲದಿದ್ದರೆ ಅದನ್ನೂ ಆಗಲೇ ತಿಳಿಸಿ. ಅದರಲ್ಲಿ ಸಂಕೋಚಪಡುವಂಥದ್ದೇನಿಲ್ಲ.

ಹೊಸಬರು ಸಾಮಾನ್ಯವಾಗಿ ಹಿಂದಿನ ಮೂಲೆ ಹುಡುಕುತ್ತಾರೆ. ನನ್ನನ್ನು ಕೇಳಿದರೆ ನಡುವಿನ ಸಾಲೇ ವಾಸಿ. ಎಲ್ಲರೂ ಹಿಂದಕ್ಕೆ ತಿರುಗಿ ನಿಲ್ಲುವ ಆಸನ ಬಂದಾಗ ಕೊನೆಯ ಸಾಲೇ ಮೊದಲ ಸಾಲಾಗಿಬಿಡುತ್ತದೆ. ಆಗ ನೋಡಿ ಮಾಡಲು ಮುಂದೆ ಯಾರೂ ಇರುವುದಿಲ್ಲ.

ತರಗತಿ ಶುರುವಾದ ಮೇಲೆ

ಮೊಬೈಲ್ ಸೈಲೆಂಟ್ ಸಾಲದು, ನೆಲದ ಮೇಲಿಟ್ಟ ಫೋನ್ ವೈಬ್ರೇಟ್ ಆದರೂ ಕೇಳಿಸುತ್ತದೆ, ಆಫ್ ಮಾಡಿ. ಇನ್ನೊಬ್ಬರ ಮ್ಯಾಟ್ ತುಳಿಯದೆ ಸುತ್ತಿ ಹೋಗಿ. ಬೇರೆ ಸೂಚನೆ ಇಲ್ಲದಿದ್ದರೆ ಉಸಿರಾಟ ಮೂಗಿನಿಂದಲೇ ನಡೆಯಲಿ.

ಬಾಗಿದಾಗ ಪಕ್ಕದವರ ಕೈ ಅವರ ಕಾಲಿನ ಹೆಬ್ಬೆರಳನ್ನು ಮುಟ್ಟಿತೆಂದು ನಿಮ್ಮ ಕೈಯನ್ನೂ ಎಳೆದು ಮುಟ್ಟಿಸಬೇಡಿ. ತೊಡೆಯ ಹಿಂಭಾಗದ ಸ್ನಾಯು ಎಳೆದಂತಾಗುವುದು ಸಹಜ. ಮಂಡಿ, ಸೊಂಟ, ಕುತ್ತಿಗೆಯಲ್ಲಿ ಚುಚ್ಚಿದಂತಾದರೆ, ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ ನಿಧಾನವಾಗಿ ಹಿಂದಕ್ಕೆ ಬನ್ನಿ. ಸುಸ್ತಾದರೆ ಮಂಡಿಯೂರಿ ಹಣೆ ನೆಲಕ್ಕಿಟ್ಟು ಬಾಲಾಸನದಲ್ಲಿ ವಿಶ್ರಮಿಸಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಶೀರ್ಷಾಸನದ ಆಸೆಯನ್ನು ಮೊದಲ ದಿನ ಮನೆಯಲ್ಲೇ ಬಿಟ್ಟು ಬನ್ನಿ.

ಶವಾಸನದ ಹೊತ್ತಿಗೆ

ಕೊನೆಯ 5–10 ನಿಮಿಷದ ಶವಾಸನವನ್ನು ‘ಸುಮ್ಮನೆ ಮಲಗೋದು ತಾನೆ’ ಎಂದು ಬಿಟ್ಟು ಹೊರಡುವವರಿದ್ದಾರೆ. ಬೇಗ ಹೋಗಲೇಬೇಕಿದ್ದರೆ ಮೊದಲೇ ಶಿಕ್ಷಕರಿಗೆ ಹೇಳಿ, ಶವಾಸನ ಶುರುವಾಗುವ ಮುನ್ನ ಎದ್ದುಹೋಗಿ. ಮೈ ತಣ್ಣಗಾಗುತ್ತದೆ, ಹೊದೆಯಲು ತೆಳು ವಸ್ತ್ರವಿದ್ದರೆ ಒಳ್ಳೆಯದು. ನಿದ್ದೆ ಬಂದು ಗೊರಕೆ ಹೊಡೆದರೆ ನಾಚಬೇಡಿ, ಪ್ರತಿ ಬ್ಯಾಚಿನಲ್ಲೂ ಒಬ್ಬರಿರುತ್ತಾರೆ. ಏಳುವಾಗ ದಡಕ್ಕನೆ ಏಳದೆ ಒಂದು ಮಗ್ಗುಲಿಗೆ ಹೊರಳಿ, ಕೈಯೂರಿ ಎದ್ದು ಕೂರಿ. ಇಲ್ಲದಿದ್ದರೆ ತಲೆ ಸುತ್ತಬಹುದು.

ಮ್ಯಾಟನ್ನು ಅಲ್ಲೇ ಪಟಪಟ ಕೊಡವಬೇಡಿ. ಪಕ್ಕದವರು ಇನ್ನೂ ಕಣ್ಣು ತೆರೆದಿರಲಿಕ್ಕಿಲ್ಲ.