ಒಂದೇ ಕಪ್ಪಿನಲ್ಲಿ ಎರಡು ಚಟ: ಸಕ್ಕರೆ, ಚಹಾ ಇಳಿಸುವುದು ಹೇಗೆ?

ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜಿನಲ್ಲಿ ಹತ್ತಿ ಸೀಸನ್ ಶುರುವಾಯಿತೆಂದರೆ ಚಹಾಕ್ಕೆ ಲೆಕ್ಕವೇ ಇರುವುದಿಲ್ಲ. ರೈತರು ಬಂದರೆ ಚಹಾ, ಖರೀದಿದಾರರು ಬಂದರೆ ಚಹಾ, ಲಾರಿ ತಡವಾದರೆ ಅದಕ್ಕೂ ಒಂದು ಚಹಾ. ಅಡತಿ (ದಲ್ಲಾಳಿ) ಅಂಗಡಿಯ ಗುಮಾಸ್ತನಾಗಿ ನಾನು ಎಲ್ಲರ ಲೆಕ್ಕ ಬರೆಯುತ್ತೇನೆ. ನನ್ನ ಕಪ್ಪಿನ ಲೆಕ್ಕ ಮಾತ್ರ ಎಂದೂ ಬರೆದಿರಲಿಲ್ಲ. ಒಂದು ದಿನ ಸುಮ್ನೆ ಬರೆದು ನೋಡಿದೆ. ಒಂಬತ್ತು ಆಗಿತ್ತು.

ಬಿಡಬೇಕೆಂದು ಎರಡು ಸಲ ಒಮ್ಮೆಲೇ ಬಿಟ್ಟೆ. ಎರಡೂ ಸಲ ಮರುದಿನ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯತೊಡಗಿತು. ಸಂಜೆ ಮತ್ತೆ ಚಹಾದಂಗಡಿ ಮುಂದೆ ನಿಂತಿದ್ದೆ. ಮೂರನೇ ಸಲಕ್ಕೆ ಬುದ್ಧಿ ಬಂತು. ನಾವು ಕುಡಿಯುವ ಚಹಾದಲ್ಲಿ ಎರಡು ಚಟ ಒಟ್ಟಿಗೆ ಕೂತಿವೆ, ಒಂದು ಸಕ್ಕರೆಯದು, ಇನ್ನೊಂದು ಕೆಫೀನಿನದು. ಎರಡನ್ನೂ ಒಂದೇ ದಿನ ಹೊರಗೆ ಹಾಕಲು ಹೋದರೆ ಎರಡೂ ತಿರುಗಿ ಬರುತ್ತವೆ. ಮೊದಲು ಒಂದು, ಅದು ಮುಗಿದ ಮೇಲೆ ಇನ್ನೊಂದು. ನನಗೆ ಒಟ್ಟು ಎರಡೂವರೆ ತಿಂಗಳು ಹಿಡಿಯಿತು.

ಮೂರು ದಿನ ಬರೆಯಿರಿ

ಮೊದಲ ಮೂರು ದಿನ ಏನನ್ನೂ ಬಿಡಬೇಡಿ. ಕುಡಿದದ್ದನ್ನು, ಗಂಟೆ ಸಮೇತ, ಒಂದು ಚೀಟಿಯಲ್ಲಿ ಬರೆಯಿರಿ. ಚಹಾ ಜೊತೆ ಅದ್ದಿಕೊಂಡ ಬಿಸ್ಕತ್ತು, ಬಿಸಿಲಿಗೆ ಕುಡಿದ ಕಬ್ಬಿನ ಹಾಲು, ಕೂಲ್ ಡ್ರಿಂಕ್ಸ್ ಎಲ್ಲವೂ ಚೀಟಿಗೆ ಬರಲಿ. 300 ಮಿಲಿಲೀಟರ್ ಕೋಲಾದಲ್ಲೇ 30 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ.

ಒಂದು ದಿನ ನಾನು ಸಕ್ಕರೆ ಬೇರೆ ತರಿಸಿಕೊಂಡು, ನನ್ನ ನಾಲಿಗೆ ಒಪ್ಪುವಷ್ಟು ಹಾಕಿಕೊಳ್ಳುತ್ತ ಎಣಿಸಿದೆ. ಆ ಚಿಕ್ಕ ಕಪ್ಪಿಗೇ 2 ಚಮಚ. ಒಂದು ಚಮಚ ಅಂದರೆ ಸುಮಾರು 4 ಗ್ರಾಂ. ಒಂಬತ್ತು ಕಪ್ಪಿಗೆ 72 ಗ್ರಾಂ, ತಿಂಗಳಿಗೆ 2 ಕಿಲೊ ದಾಟಿತು! ನಮ್ಮ ಮನೆಗೆ ಕಿರಾಣಿ ಅಂಗಡಿಯಿಂದ ತರುವುದೇ 3 ಕಿಲೊ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, ಹೀಗೆ ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಆರು ಚಮಚದ ಒಳಗಿದ್ದರೆ ಒಳ್ಳೆಯದು. ನನಗೆ ಆರು ಚಮಚ ಬೆಳಗ್ಗೆ ಹನ್ನೊಂದಕ್ಕೇ ಮುಗಿಯುತ್ತಿತ್ತು.

ಮೊದಲು ಸಕ್ಕರೆ, ಅದೂ ಕಾಲು ಚಮಚ

ಚಹಾ ಎಷ್ಟು ಸಲ ಕುಡಿಯುತ್ತೀರೋ ಅಷ್ಟೇ ಸಲ ಕುಡಿಯಿರಿ. ಸಕ್ಕರೆಯನ್ನು ಮಾತ್ರ ವಾರಕ್ಕೆ ಕಾಲು ಚಮಚದಂತೆ ಇಳಿಸಿ. ಎರಡು ಚಮಚದಿಂದ ಅರ್ಧ ಚಮಚಕ್ಕೆ ಬರಲು ಆರು ವಾರ ಬೇಕು. ಅವಸರ ಮಾಡಬೇಡಿ. ಸಿಹಿ ಕಡಿಮೆಯಾದರೆ ನಾಲಿಗೆ ನಿಧಾನವಾಗಿ ಅದಕ್ಕೇ ಒಗ್ಗಿಕೊಳ್ಳುತ್ತದೆ. ನಾಲ್ಕನೇ ವಾರ ಲಿಂಗಸುಗೂರಿನ ಅಕ್ಕನ ಮನೆಗೆ ಹೋದಾಗ, ಅವಳು ಎಂದಿನಂತೆ ಮಾಡಿಕೊಟ್ಟ ಚಹಾ ನನಗೆ ಪಾಯಸ ಕುಡಿದಂತಾಯಿತು. ಮೊದಲು ಅದೇ ಚಹಾಕ್ಕೆ ನಾನು "ಇನ್ನಷ್ಟು ಸಕ್ಕರಿ ಹಾಕಬೇ" ಅನ್ನುತ್ತಿದ್ದೆ.

ಮನೆಯಲ್ಲಿ ಇದು ಸುಲಭ. ಸಕ್ಕರೆ ಡಬ್ಬಿಯ ದೊಡ್ಡ ಚಮಚ ತೆಗೆದು ಚಿಕ್ಕದು ಇಟ್ಟರೆ ಅರ್ಧ ಕೆಲಸ ಮುಗಿಯಿತು. ತೊಂದರೆ ಇರುವುದು ಅಂಗಡಿಯಲ್ಲಿ. ಅಲ್ಲಿ ಹಾಲು, ಪುಡಿ, ಸಕ್ಕರೆ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯುತ್ತಿರುತ್ತದೆ. ಆದರೆ ಈಗ ಹೆಚ್ಚಿನ ಕಡೆ ಶುಗರ್ ಇರುವವರಿಗೆಂದು ಸಕ್ಕರೆ ಹಾಕದ ಫೀಕಾ ಚಹಾ ಬೇರೆ ಇಟ್ಟಿರುತ್ತಾರೆ. ಅರ್ಧ ಫೀಕಾ, ಅರ್ಧ ಮಾಮೂಲಿ ಬೆರೆಸಲು ಹೇಳಿ. ಮೂರು ವಾರದ ಮೇಲೆ ಮುಕ್ಕಾಲು ಫೀಕಾ. ಕಡಕ್ ಚಹಾ ಕುಡಿದು ರೂಢಿಯಾದವರಿಗೆ ಒಂದು ಏಲಕ್ಕಿ, ಚೂರು ಶುಂಠಿ ಬಿದ್ದರೆ ಸಿಹಿಯ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ.

ಬೆಲ್ಲದ ಚಹಾದ ಬೋರ್ಡುಗಳ ಬಗ್ಗೆ ಒಂದು ಮಾತು. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರುತ್ತದೆ, ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ಬೆಲ್ಲ ಅಂತ ಹೇಳಿ ಎರಡು ಕಪ್ಪು ಜಾಸ್ತಿ ಕುಡಿದರೆ ಲೆಕ್ಕ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಿಯೇ ಇದನ್ನು ಶುರು ಮಾಡಬೇಕು. ಮದ್ದಿನ ಪ್ರಮಾಣ ಹಾಗೇ ಇದ್ದು, ಒಮ್ಮೆಲೇ ಸಿಹಿ ಕಡಿಮೆಯಾದರೆ ಶುಗರ್ ಕುಸಿದು ಕಣ್ಣು ಕತ್ತಲೆ ಬರಬಹುದು.

ಆಮೇಲೆ ಚಹಾ

ಏಳನೇ ವಾರದಿಂದ ಕಪ್ಪುಗಳ ಸರದಿ. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತಾಗ ನಮಗೆ ದಣಿವು, ನಿದ್ದೆ. ಕೆಫೀನ್ ಮಾಡುವುದಿಷ್ಟೇ, ಅದಕ್ಕಿಂತ ಮೊದಲು ಹೋಗಿ ಆ ಖುರ್ಚಿಯಲ್ಲಿ ಟವೆಲ್ ಹಾಕಿ ಕೂಡುತ್ತದೆ. ದಣಿವು ಹೋಗಿರುವುದಿಲ್ಲ, ಹೊರಗೆ ನಿಂತಿರುತ್ತದೆ. ದಿನಾ ಹೀಗಾದರೆ ಮಿದುಳು ಇನ್ನಷ್ಟು ಖುರ್ಚಿ ಹಾಕುತ್ತದೆ. ಆಗ ಮೊದಲಿನ ಎರಡು ಕಪ್ಪು ಸಾಲುವುದಿಲ್ಲ. ಒಮ್ಮೆಲೇ ನಿಲ್ಲಿಸಿದರೆ ಹೊರಗಿದ್ದದ್ದೆಲ್ಲ ಒಳಗೆ ನುಗ್ಗುತ್ತದೆ, ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ, ತಲೆ ಹಿಡಿದುಕೊಳ್ಳುತ್ತದೆ. ಈ ನೋವು ಕೊನೆಯ ಕಪ್ಪಿನ 12ರಿಂದ 24 ಗಂಟೆಯೊಳಗೆ ಶುರುವಾಗಿ, ಒಂದೆರಡು ದಿನ ಜೋರಾಗಿದ್ದು, ಹೆಚ್ಚೆಂದರೆ 9 ದಿನದಲ್ಲಿ ಹೋಗುತ್ತದೆ. ರೋಜಾ (ರಂಜಾನ್ ಉಪವಾಸ) ಹಿಡಿಯುವ ಗೆಳೆಯರಿಗೆ ಇದು ಪುಸ್ತಕ ಓದದೆಯೇ ಗೊತ್ತು. ಗಂಜಿನ ಹಮಾಲರೊಬ್ಬರು ರಂಜಾನಿಗೆ ಹತ್ತು ದಿನ ಇರುವಾಗಲೇ ಹಗಲಿನ ಚಹಾ ಇಳಿಸುತ್ತಾ ಬರುತ್ತಾರೆ. ಒಂದೊಂದೇ ಇಳಿಸುವ ಕ್ರಮವನ್ನು ನಾನು ಕಲಿತದ್ದು ಅವರಿಂದಲೇ.

ನಾಲ್ಕು ದಿನಕ್ಕೆ ಒಂದು ಕಪ್ಪು ಬಿಡಿ, ದಿನದ ಕೊನೆಯ ಕಪ್ಪಿನಿಂದ ಶುರು ಮಾಡಿ. ಮೈಯಲ್ಲಿ ಸೇರಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ಒಳಗಿರುತ್ತದೆ. ಅದೇ ನಿದ್ದೆ ಕೆಡಿಸುತ್ತದೆ, ಬೆಳಗ್ಗೆ ಮತ್ತೆ ಚಹಾ ಬೇಡುವಂತೆ ಮಾಡುತ್ತದೆ. ಸಂಜೆಯದು ಹೋದರೆ ಬೆಳಗಿನದು ತಾನೇ ಹಗುರಾಗುತ್ತದೆ. ಬೆಳಗಿನ ಮೊದಲ ಕಪ್ಪನ್ನು ಮುಟ್ಟಬೇಡಿ, ಅದರ ಮೇಲೆ ಕೈ ಹಾಕಿದವರು ಯಾರೂ ಉಳಿದಿಲ್ಲ! ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ಹಟ್ಟಿ ಚಿನ್ನದ ಗಣಿಯಲ್ಲೋ ರಾತ್ರಿ ಪಾಳಿ ಮಾಡುವವರು ಪಾಳಿಯ ಮೊದಲರ್ಧದಲ್ಲೇ ಕುಡಿದು ಮುಗಿಸಿದರೆ ಬೆಳಗ್ಗೆ ಮನೆಗೆ ಬಂದು ಮಲಗಬಹುದು.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿ ಕೆಫೀನಿಗೆ ದಿನಕ್ಕೆ 300 ಮಿಲಿಗ್ರಾಂ ಮಿತಿ ಹೇಳಿದೆ. ಚಹಾ ಕಪ್ಪಿಗೆ 30ರಿಂದ 65 ಮಿಲಿಗ್ರಾಂ, ಫಿಲ್ಟರ್ ಕಾಫಿಯಾದರೆ 80ರಿಂದ 120. ಗರ್ಭಿಣಿಯರು ಇನ್ನೂ ಕಡಿಮೆ, 200ರೊಳಗೇ ಇರುವುದು ಕ್ಷೇಮ. ಅದೇ ಸೂಚಿಯಲ್ಲಿ ಇನ್ನೊಂದು ಮಾತಿದೆ. ಊಟಕ್ಕೆ ಒಂದು ಗಂಟೆ ಮೊದಲು, ಊಟವಾಗಿ ಒಂದು ಗಂಟೆವರೆಗೆ ಚಹಾ ಬೇಡ. ಚಹಾದ ಒಗರು ಊಟದಲ್ಲಿರುವ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಪುಂಡಿ ಪಲ್ಯ, ರೊಟ್ಟಿ ಉಂಡು ಕೈ ತೊಳೆಯುತ್ತಲೇ ಚಹಾ ಕುಡಿಯುವ, ರಕ್ತ ಕಡಿಮೆ ಇದೆ ಅನಿಸಿಕೊಂಡ ಹೆಣ್ಣುಮಕ್ಕಳು ಇದನ್ನೊಂದನ್ನಾದರೂ ಪಾಲಿಸಿ.

ತಲೆನೋವಿಗೆ ಮಾತ್ರೆ ನುಂಗುವ ಮೊದಲು ಪಟ್ಟಿಯ ಹಿಂದೆ ಓದಿ. ಕೆಲವು ಮಾತ್ರೆಗಳಲ್ಲಿ ಕೆಫೀನೇ ಇರುತ್ತದೆ, ಬಿಟ್ಟದ್ದನ್ನು ನುಂಗಿದಂತಾಗುತ್ತದೆ. ನಮ್ಮೂರ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಬರುವ ತಲೆನೋವು ಎಷ್ಟೋ ಸಲ ನೀರು ಸಾಲದೆ ಬಂದದ್ದು. ಮೊದಲು ಒಂದು ತಂಬಿಗೆ ನೀರು ಕುಡಿದು ನೋಡಿ.

ಹಸಿವಿಗೆ ಚಹಾ ಕುಡಿಯುತ್ತಿದ್ದೆವಾ?

ಚೀಟಿ ನೋಡಿದರೆ ನನ್ನ ಒಂಬತ್ತರಲ್ಲಿ ಮೂರು ಕಪ್ಪು ಹಸಿವಿನವು. ಬೆಳಗ್ಗೆ ಚಹಾ, ಬಿಸ್ಕತ್ತು, ಆಮೇಲೆ ಒಂದೂವರೆಗೆ ಊಟ. ನಡುವೆ ಹೊಟ್ಟೆ ಚುರುಗುಟ್ಟಿದಾಗಲೆಲ್ಲ ಚಹಾ. ಈಗ ಎಂಟೂವರೆಗೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು ಹೊರಡುತ್ತೇನೆ. ನಾಲ್ಕು ಗಂಟೆಗೆ ಒಂದು ಹಿಡಿ ಪುಟಾಣಿ ಅಥವಾ ಒಂದು ಪೇರಲ ಹಣ್ಣು, ಮಜ್ಜಿಗೆ. ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದ ದಿನ ಮಾತ್ರ ಚಹಾ ಬೇಕೇ ಬೇಕು, ಆ ಜೋಡಿಯನ್ನು ಅಗಲಿಸುವ ಶಕ್ತಿ ನನಗಿಲ್ಲ.

"ಶುಗರ್ ಬಂತೇನ್ರೀ?"

ಎಲ್ಲಕ್ಕಿಂತ ಕಷ್ಟದ್ದು ಇದು. ನಮ್ಮ ಕಡೆ ಚಹಾ ಬೇಡ ಅಂದರೆ ಮನುಷ್ಯರೇ ಬೇಡ ಅಂದ ಹಾಗೆ. ಫೀಕಾ ಕೇಳಿದರೆ "ಶುಗರ್ ಬಂತೇನ್ರೀ?" ಅಂತ ಕನಿಕರ ಬೇರೆ. ಮೊದಲ ವಾರ ಎಲ್ಲರಿಗೂ ಬಿಡಿಸಿ ಹೇಳಿದೆ. ಆಮೇಲೆ ದಣಿದು "ಹ್ಞೂಂ ರೀ" ಅನ್ನತೊಡಗಿದೆ. ಮಾತು ಅಲ್ಲಿಗೇ ಮುಗಿಯುತ್ತದೆ.

ನನಗೆ ಹೊಂದಿಕೆಯಾದ ದಾರಿ ಬೈಟು. ಬಂದ ರೈತರ ಜೊತೆ ಒಂದೇ ಚಹಾ ಹಂಚಿಕೊಂಡರೆ ಅವರಿಗೂ ಬೇಜಾರಿಲ್ಲ, ನನಗೂ ಅರ್ಧವೇ ಬರುತ್ತದೆ. ಹಳ್ಳಿ ಮನೆಗೆ ಹೋದರೆ ಚಹಾಕ್ಕೆ ಇಡುವ ಮೊದಲೇ "ಒಂದು ಚೂರು ಬೆಲ್ಲ, ನೀರು ಕೊಡ್ರಿ ಸಾಕು" ಅನ್ನುತ್ತೇನೆ. ಚೂರು ಬೆಲ್ಲ ಎರಡು ಚಮಚ ಸಕ್ಕರೆಗಿಂತ ಕಡಿಮೆಯೇ. ಹಿರಿಯರಿಗೆ ಈ ಹಳೇ ಪದ್ಧತಿ ನೆನಪಿಗೆ ಬಂದು ಖುಷಿಯಾಗುತ್ತದೆ. ಇನ್ನು ಜಾತ್ರೆ, ಮದುವೆಯ ದಿನ ಚೀಟಿ ಬರೆಯಬೇಡಿ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ಸಿಹಿ ಮಾದಲಿ ಬೇಡ ಅನ್ನುವವರಿಗೆ ಈ ಲೇಖನ ಬರೆದದ್ದಲ್ಲ. ಮರುದಿನ ಬೆಳಗ್ಗೆ ಹಿಂದಿನ ಲೆಕ್ಕಕ್ಕೆ ಬಂದರಾಯಿತು.

ಈಗ ನನ್ನದು ದಿನಕ್ಕೆ ಮೂರು ಕಪ್ಪು, ಕಪ್ಪಿಗೆ ಅರ್ಧ ಚಮಚ. ಕೊನೆಯದು ಮೂರು ಗಂಟೆಗೆ. ರಾತ್ರಿ ಹತ್ತೂವರೆಗೆ ನಿದ್ದೆ ಬರುತ್ತದೆ. ಇಷ್ಟೆಲ್ಲ ಆದರೂ ನನ್ನ ಜೇಬಿಗೆ ಒಂದು ರೂಪಾಯಿ ಉಳಿತಾಯವಿಲ್ಲ. ಗಂಜಿನ ಚಹಾದ ಬಿಲ್ಲು ಕಟ್ಟುವವರು ಸಾಹುಕಾರರು. ಹೋದ ತಿಂಗಳ ಬಿಲ್ಲು ನೋಡಿ ಅವರು, "ಏನೋ, ಮೊನ್ನೆ ರಜಾ ಹಾಕಿದ್ದೇನು?" ಅಂತ ಕೇಳಿದರು.