ನಡೀತಿರೋ ಯುದ್ಧಕ್ಕೆ ಬೆಂಬಲ ಮುಂದುವರಿಸ್ಬೇಕಾ, ನಿಲ್ಲಿಸ್ಬೇಕಾ? ನಿಲುವು ತಗೊಳ್ಳೋದು ಹೇಗೆ, ವಾದ ಮಾಡೋದು ಹೇಗೆ

ಯುದ್ಧ ಶುರುವಾದ ಹೊಸದ್ರಲ್ಲಿ ಹೆಚ್ಚುಕಮ್ಮಿ ಎಲ್ರೂ ಒಂದೇ ಮಾತು ಆಡ್ತಾರೆ, ಅದು ವರ್ಷಗಟ್ಲೆ ಎಳೆದಾಗಲೇ ಜಗಳ ಶುರುವಾಗೋದು. 1964ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತು ವಿಯೆಟ್ನಾಂ ವಿಷ್ಯಕ್ಕೆ ಟಾಂಕಿನ್ ಕೊಲ್ಲಿ ನಿರ್ಣಯ, ಅಂದ್ರೆ ಅಲ್ಲಿ ಸೇನಾಬಲ ಬಳಸೋಕೆ ಅಧ್ಯಕ್ಷರಿಗೆ ಅಧಿಕಾರ ಕೊಡೋ ನಿರ್ಣಯ, ಪಾಸ್ ಮಾಡ್ದಾಗ ಕೆಳಮನೆಲಿ 416-0, ಸೆನೆಟ್‌ನಲ್ಲಿ ಬೇಡ ಅಂದವ್ರು ಇಬ್ರೇ, ವೇಯ್ನ್ ಮೋರ್ಸ್ ಮತ್ತೆ ಅರ್ನೆಸ್ಟ್ ಗ್ರೂನಿಂಗ್. ಮುಂದಿನ ವರ್ಷ ಗ್ಯಾಲಪ್ ಸಮೀಕ್ಷೆಲಿ ಸೈನ್ಯ ಕಳ್ಸಿದ್ದು ತಪ್ಪು ಅಂದವ್ರು ಶೇ. 24, 1968ರ ಆಗಸ್ಟ್ ಹೊತ್ತಿಗೆ ಶೇ. 53. ಇಂಥ ಹೊತ್ತಲ್ಲಿ ಯಾರ ದನಿ ಜೋರಾಗಿದ್ಯೋ ಆ ಕಡೆ ವಾಲ್ಬಿಡೋದು ಸುಲಭ, ಆದ್ರೆ ಇದು ಜನರ ಪ್ರಾಣದ ಪ್ರಶ್ನೆ, ಹಂಗಾಗಿ ದಯವಿಟ್ಟು ಸ್ವಲ್ಪ ನಿಧಾನಕ್ಕೆ ಯೋಚ್ನೆ ಮಾಡಿ.

ಮೊದ್ಲು ಪ್ರಶ್ನೆಗಳನ್ನ ಬಿಡಿಸ್ಕೊಳ್ಳಿ. ಯುದ್ಧ ಶುರು ಮಾಡಿದ್ದು ಸರಿನಾ ಅನ್ನೋದು ಒಂದು, ಇವತ್ತು ಮುಂದುವರಿಸೋದು ಸರಿನಾ ಅನ್ನೋದು ಇನ್ನೊಂದು. ಶುರು ಮಾಡಿದ್ದೇ ತಪ್ಪು ಅನ್ನೋರು ಕೂಡ ಈಗ ಏಕಾಏಕಿ ಬಿಟ್ಟು ಬಂದ್ರೆ ಇನ್ನೂ ಅನಾಹುತ ಅನ್ಬಹುದು, ಶುರುವಾದಾಗ ಬೇರೆ ದಾರಿನೇ ಇರ್ಲಿಲ್ಲ ಅನ್ನೋರು ಈಗ ಸಾಕು ಅನ್ಬಹುದು, ಎರಡೂ ತಲೆಬುಡ ಇರೋ ಮಾತೇ. ಆಮೇಲೆ ಇದು ಯಾರ ಯುದ್ಧ ಅಂತ ನೋಡಿ. ತಮ್ಮ ನೆಲದ ಮೇಲೆ ದಾಳಿ ಆಗಿ ಕಾದಾಡೋರು, ದೂರದ ದೇಶಕ್ಕೆ ಸೈನ್ಯ ಕಳ್ಸಿರೋರು, ಬರೀ ದುಡ್ಡು ಶಸ್ತ್ರ ಕೊಡೋರು, ಈ ಮೂವರ ಮುಂದೆ ಇರೋ ಲೆಕ್ಕ ಒಂದೇ ಅಲ್ಲ. 2022ರ ಫೆಬ್ರವರಿಲಿ ರಷ್ಯಾ ಪೂರ್ತಿ ಪ್ರಮಾಣದಲ್ಲಿ ನುಗ್ಗಿದ್ಮೇಲೆ ಉಕ್ರೇನಿನವ್ರಿಗೆ ಅದು ದೇಶ ಉಳಿಯತ್ತಾ ಇಲ್ವಾ ಅನ್ನೋ ಪ್ರಶ್ನೆ, ವಾಷಿಂಗ್ಟನ್‌ನಲ್ಲಿ ಅದು ಎಷ್ಟು ನೆರವು, ಎಲ್ಲಿವರೆಗೆ ಅನ್ನೋ ಪ್ರಶ್ನೆ. 2024ರ ಏಪ್ರಿಲ್‌ನಲ್ಲಿ ಸುಮಾರು 6,100 ಕೋಟಿ ಡಾಲರ್ ನೆರವಿನ ಮಸೂದೆ ಅಲ್ಲಿನ ಕೆಳಮನೆಲಿ 311-112ರಲ್ಲಿ ಪಾಸಾಯ್ತು, ಬೇಡ ಅಂದ 112 ಜನಾನೂ ರಿಪಬ್ಲಿಕನ್ನರು, ಅದೇ ಪಕ್ಷದ 101 ಜನ ಬೇಕು ಅಂದ್ರು. ಅಂದ್ರೆ ಪಕ್ಷ ನೋಡಿ ಇವ್ನು ಹಿಂಗೇ ಯೋಚ್ನೆ ಮಾಡ್ತಾನೆ ಅಂತ ಹೇಳೋಕಾಗಲ್ಲ.

ಈಗ ಮುಖ್ಯವಾದ ಕೆಲ್ಸ. ಯುದ್ಧದ ಗುರಿ ಇವತ್ತು ಏನು ಅನ್ನೋದನ್ನ ಒಂದೇ ವಾಕ್ಯದಲ್ಲಿ ಬರೀರಿ, ಶುರುವಾದಾಗ ಹೇಳಿದ ಗುರಿನ ಪಕ್ಕದಲ್ಲಿಡಿ. ಎಷ್ಟೋ ಯುದ್ಧಗಳಲ್ಲಿ ಗುರಿ ಸದ್ದಿಲ್ದೆ ಬದಲಾಗಿರತ್ತೆ. 1980ರಲ್ಲಿ ಇರಾಕ್ ದಾಳಿ ಮಾಡ್ತು, ಇರಾನಿನವ್ರು ತಮ್ಮ ನೆಲ ಉಳಿಸ್ಕೊಳ್ಳೋಕೆ ಕಾದಾಡಿದ್ರು, ಅದ್ರಲ್ಲಿ ತಕರಾರೇ ಇಲ್ಲ. 1982ರ ಮೇನಲ್ಲಿ ಇರಾಕ್ ಹಿಡ್ಕೊಂಡಿದ್ದ ಇರಾನಿನ ಊರು ಖೊರಮ್‌ಶಹರ್ ವಾಪಸ್ ಬಂತು, ಇರಾಕಿ ಸೈನ್ಯ ಹೆಚ್ಚುಕಮ್ಮಿ ಗಡಿಯಾಚೆ ಹೋಯ್ತು. ಅಲ್ಲಿಂದ ಗುರಿ ಇರಾಕ್ ಅಧ್ಯಕ್ಷ ಸದ್ದಾಂ ಹುಸೇನನ್ನ ಇಳಿಸೋದು ಅಂತಾಯ್ತು, ಜುಲೈನಲ್ಲಿ ಇರಾನೇ ಇರಾಕ್ ಒಳಗೆ ನುಗ್ತು, ಇನ್ನೂ ಆರು ವರ್ಷ ನಡೆದು ಲಕ್ಷಾಂತರ ಜನ ಸತ್ತು 1988ರಲ್ಲಿ ಕದನವಿರಾಮ ಆದಾಗ ಗಡಿ ಹಳೇ ಜಾಗದಲ್ಲೇ ಇತ್ತು. ಅದಕ್ಕೇ ಮುಂದುವರಿಸ್ಬೇಕು ಅನ್ನೋರನ್ನ ಕೇಳಿ, ಇವತ್ತು ಮಾತುಕತೆಲಿ ಸಿಗದೇ ಇರೋದು ಇನ್ನೊಂದು ವರ್ಷ ಕಾದಾಡಿದ್ರೆ ಸಿಗತ್ತೆ ಅನ್ನೋದು ಏನು, ಹೇಗೆ? ಉತ್ತರ ಇರಬಹುದು. ಎದುರಾಳಿಯ ಮದ್ದುಗುಂಡು ಖಾಲಿ ಆಗ್ತಿದೆ, ಹೊಸ ಶಸ್ತ್ರ ಬರ್ತಿದೆ, ಇಂಥ ಊರು ಕೈಗೆ ಬಂದ್ರೆ ಸಪ್ಲೈ ದಾರಿ ಕಟ್ ಆಗತ್ತೆ, ಇವೆಲ್ಲ ಪರೀಕ್ಷೆ ಮಾಡಬಹುದಾದ ಉತ್ತರಗಳು. 'ಗೆಲ್ಲೋವರೆಗೂ' ಅನ್ನೋದ್ರಲ್ಲಿ ಪರೀಕ್ಷೆ ಮಾಡೋಕೆ ಏನೂ ಇಲ್ಲ.

ಮಾತುಕತೆ ಶುರುವಾದ್ರೆ ಸಾವು ನಿಲ್ಲತ್ತೆ ಅಂತಾನೂ ಅಂದ್ಕೋಬೇಡಿ. ಕೊರಿಯಾದಲ್ಲಿ 1951ರ ಜುಲೈನಲ್ಲಿ ಮಾತುಕತೆ ಶುರುವಾಗಿ 1953ರ ಜುಲೈನಲ್ಲಿ ಒಪ್ಪಂದ ಆಯ್ತು, ಆ ಎರಡು ವರ್ಷ ಯುದ್ಧರೇಖೆ ಹೆಚ್ಚೇನೂ ಸರೀಲಿಲ್ಲ, ಯುದ್ಧಕೈದಿಗಳನ್ನ ಅವ್ರಿಗೆ ಇಷ್ಟ ಇಲ್ದಿದ್ರೂ ವಾಪಸ್ ಕಳಿಸ್ಬೇಕಾ ಅನ್ನೋ ವಿಷ್ಯಕ್ಕೆ ಮಾತು ಸಿಕ್ಕಾಕೊಂಡು ಜನ ಸಾಯ್ತಾನೇ ಇದ್ರು.

ಇನ್ನು ಒಂದು ವಾದ ಬರತ್ತೆ, ಎಲ್ಲಕ್ಕಿಂತ ಭಾರ ಇರೋದು. 'ಈಗ ನಿಲ್ಲಿಸಿದ್ರೆ ಸತ್ತವ್ರ ಬಲಿದಾನ ವ್ಯರ್ಥ.' ಇದನ್ನ ಮಗನ್ನ ಕಳ್ಕೊಂಡ ತಾಯಿ ಹೇಳಿದ್ರೆ ಅಲ್ಲಿ ವಾದ ಮಾಡ್ಬೇಡಿ, ಕೂತು ಕೇಳಿ, ಅಷ್ಟೇ. ಆದ್ರೆ ನೀತಿ ಮಾಡೋರು ಹೇಳಿದ್ರೆ ಬಿಡ್ಬೇಡಿ, ಯಾಕಂದ್ರೆ ಹೋದ ಜೀವ ಇನ್ನೊಂದು ಜೀವ ಕೊಟ್ರೆ ವಾಪಸ್ ಬರಲ್ಲ, ಮತ್ತೆ ಈ ವಾದಕ್ಕೆ ಕೊನೆನೇ ಇಲ್ಲ, ಸಾವು ಹೆಚ್ಚಿದಷ್ಟೂ ವಾದದ ಬಲ ಹೆಚ್ಚತ್ತೆ. ವಿಯೆಟ್ನಾಂ ಬಗ್ಗೆ ಪ್ಯಾರಿಸ್ ಮಾತುಕತೆ ಶುರುವಾಗಿದ್ದು 1968ರ ಮೇನಲ್ಲಿ, ಒಪ್ಪಂದ 1973ರ ಜನವರಿಲಿ, ಸತ್ತ 58,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರಲ್ಲಿ 20,000ಕ್ಕೂ ಹೆಚ್ಚು ಜನ ಸತ್ತಿದ್ದು 1969ರ ಶುರುವಿನಿಂದ ಈಚೆಗೆ, ವಿಯೆಟ್ನಾಮಿಗಳ ಸಾವು ಇದಕ್ಕಿಂತ ಎಷ್ಟೋ ಪಟ್ಟು.

ಹಂಗಂತ ನಿಲ್ಸಿ ಅನ್ನೋರಿಗೆ ಉತ್ತರ ಕೊಡೋ ಜವಾಬ್ದಾರಿ ಇಲ್ಲ ಅಂತಲ್ಲ. ನಿಲ್ಸಿದ ಮಾರನೇ ದಿನ ಆ ನೆಲದಲ್ಲಿ ಯಾರ ಆಳ್ವಿಕೆ, ನಮ್ಮನ್ನ ನಂಬಿದ ಜನ ಎಲ್ಲಿ ಹೋಗ್ಬೇಕು, ಅದನ್ನ ಹೇಳ್ಲೇಬೇಕು. 2020ರ ಫೆಬ್ರವರಿಲಿ ಅಮೆರಿಕ ಮತ್ತೆ ತಾಲಿಬಾನ್ ದೋಹಾದಲ್ಲಿ ಸಹಿ ಹಾಕಿದ್ರು, ಆ ಒಪ್ಪಂದದಲ್ಲಿ ಆಗಿನ ಆಫ್ಘನ್ ಸರ್ಕಾರ ಇರ್ಲೇ ಇಲ್ಲ. 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿತ್ತು, ಆರನೇ ತರಗತಿ ಆದ್ಮೇಲೆ ಹೆಣ್ಮಕ್ಳಿಗೆ ಶಾಲೆ ಬಂದ್ ಆಯ್ತು. ಇಪ್ಪತ್ತು ವರ್ಷದ ಯುದ್ಧ ಮುಗೀಬೇಕಿತ್ತು ಅನ್ನೋರೂ ಈ ಮುಗಿಸಿದ ರೀತಿಗೆ ತಲೆ ತಗ್ಗಿಸ್ಬೇಕು ಅನ್ಸತ್ತೆ ನಂಗೆ.

ಸಮೀಕ್ಷೆ ಅಂಕಿ ತಂದು ಹಾಕೋವಾಗ ಪ್ರಶ್ನೆನೂ ಜೊತೆಗೆ ಹಾಕಿ. 'ಯುದ್ಧ ತಪ್ಪಾ?', 'ಸೈನ್ಯ ತಕ್ಷಣ ವಾಪಸ್ ಬರ್ಬೇಕಾ?', 'ನೆಲ ಬಿಟ್ಟುಕೊಟ್ಟಾದ್ರೂ ಶಾಂತಿ ಬೇಕಾ?', ಒಬ್ಬನೇ ಮನುಷ್ಯ ಇವಕ್ಕೆ ಮೂರು ಥರ ಉತ್ತರ ಕೊಡ್ತಾನೆ. ಮಾತಾಡಿದ್ರೆ ಜೈಲು ಅನ್ನೋ ಕಡೆ ಬಂದ ಅಂಕಿನ ಇನ್ನೂ ಹುಷಾರಾಗಿ ಓದಿ, ರಷ್ಯಾ 2022ರ ಮಾರ್ಚ್‌ನಲ್ಲಿ ಸೇನೆ ಬಗ್ಗೆ 'ಸುಳ್ಳು ಮಾಹಿತಿ' ಹರಡಿದ್ರೆ 15 ವರ್ಷದವರೆಗೂ ಶಿಕ್ಷೆ ಅಂತ ಕಾನೂನು ತಂತು, ಅಂಥಲ್ಲಿ ಫೋನ್ ಮಾಡಿ ಬೆಂಬಲ ಇದ್ಯಾ ಅಂತ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ.

ಮುಖಾಮುಖಿ ವಾದದಲ್ಲಿ ದೇಶದ್ರೋಹಿ, ರಕ್ತಪಿಪಾಸು, ಈ ಎರಡು ಪದ ಬಾಯಿಗೆ ತರ್ಲೇಬೇಡಿ, ಅವು ಬಂದ್ಮೇಲೆ ಮಾತು ಮುಗೀತು. ಎದುರಿಗಿರೋರ ವಾದಾನ ಅವ್ರು ಹೌದು ಅನ್ನೋ ಹಂಗೆ ನೀವೇ ಒಂದ್ಸಲ ಹೇಳಿ, ಆಮೇಲೆ ನಿಮ್ದು ಶುರು ಮಾಡಿ. ಯುದ್ಧನ ವಿರೋಧಿಸೋದು ಬೇರೆ, ಅಲ್ಲಿ ಹೋಗಿರೋ ಹುಡುಗರನ್ನ ಹೀಯಾಳಿಸೋದು ಬೇರೆ, ಈ ಗೆರೆ ದಾಟಿದ್ರೆ ಕೇಳೋರು ಇರಲ್ಲ, ದಾಟೋದೂ ಅನ್ಯಾಯ.

ಕೊನೇದಾಗಿ, ಯಾವುದಾದ್ರೆ ನಿಮ್ಮ ಮನಸ್ಸು ಬದಲಾಗತ್ತೆ ಅನ್ನೋದನ್ನ ತಾರೀಖು ಹಾಕಿ ಬರೆದಿಡಿ, ಇಂಥ ತಿಂಗಳೊಳಗೆ ಇಂಥದ್ದು ಆಗದಿದ್ರೆ ಬೆಂಬಲ ಸಾಕು ಅಂತಲೋ, ಆದ್ರೆ ಇನ್ನಷ್ಟು ಕೊಡೋಣ ಅಂತಲೋ. ನಿಮ್ಮ ಪ್ರತಿನಿಧಿಗೆ ಪತ್ರ ಬರೆಯೋವಾಗಲೂ ಬರೀ ನಿಲ್ಲಿಸಿ, ಮುಂದುವರಿಸಿ ಅಂತ ಬರೀಬೇಡಿ. ಗುರಿ ಏನು, ಖರ್ಚಿನ ಮಿತಿ ಎಷ್ಟು, ಮುಂದಿನ ಸಲ ಯಾವಾಗ ಚರ್ಚೆಗೆ ತಂದು ಮತಕ್ಕೆ ಹಾಕ್ತೀರಿ, ಈ ಮೂರು ಕೇಳಿ, ಉತ್ತರ ಬರದಿದ್ರೆ ಇನ್ನೊಂದು ಬರೀರಿ.